ಬ್ಯಾಂಕುಗಳ ಹೊಂದಿಸಿದ ಹಣಕಾಸು ಅಂಕಿಗಳು

ಲೆಕ್ಕಪತ್ರ ಮಾನದಂಡಗಳ ಪ್ರಕಾರ ಸಿದ್ಧವಾದ ಲಾಭ, ಆದಾಯ ಅಥವಾ ಬಂಡವಾಳದ ಮೊತ್ತಕ್ಕೆ ಕೆಲವು ಬಾಬುಗಳನ್ನು ಕೂಡಿಸಿ ಇಲ್ಲವೆ ಕಳೆದು ಬ್ಯಾಂಕಿನ ಆಡಳಿತವರ್ಗ ಪ್ರಕಟಿಸುವ ಅಂಕಿಗಳು. ಇವುಗಳಿಗೆ ಅಮೆರಿಕದಲ್ಲಿ ನಾನ್-ಗ್ಯಾಪ್ ಅಳತೆಗಳು ಎಂದೂ ಯುರೋಪಿನಲ್ಲಿ ಪರ್ಯಾಯ ಸಾಧನಾ ಅಳತೆಗಳು ಎಂದೂ ಹೆಸರು. ನಿಯಂತ್ರಕರು ಇವನ್ನು ನಿಷೇಧಿಸಲಿಲ್ಲ. ಅಧಿಕೃತ ಅಂಕಿಯಿಂದ ಹೊಂದಿಸಿದ ಅಂಕಿಗೆ ಹೇಗೆ ಬಂದಿರಿ ಎಂಬುದನ್ನು ತೋರಿಸಿ ಎಂದು ಕೇಳುತ್ತ ಬಂದರು. ಕೆಲವು ಅಳತೆಗಳು ಕಾಲಕ್ರಮದಲ್ಲಿ ತಾವೇ ಅಧಿಕೃತವಾದವು.

ಮುಖ್ಯ ಬಗೆಗಳು

ಅಮೆರಿಕದ ಬ್ಯಾಂಕುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ತೆರಿಗೆ-ಸಮಾನ ಬಡ್ಡಿ ಆದಾಯ. ನಗರಸಭೆ ಮತ್ತು ರಾಜ್ಯಗಳ ಬಾಂಡುಗಳ ಬಡ್ಡಿಗೆ ಅಲ್ಲಿ ಒಕ್ಕೂಟ ಸರ್ಕಾರದ ತೆರಿಗೆ ಇಲ್ಲ. ಅದನ್ನು ತೆರಿಗೆ ಬೀಳುವ ಬಡ್ಡಿಯೊಡನೆ ಹೋಲಿಸಲು ಮೊತ್ತವನ್ನು ಹಿಗ್ಗಿಸಿ ತೋರಿಸುತ್ತಾರೆ. ತೆರಿಗೆ ದರ ಶೇ 35 ಇದ್ದಾಗ 79 ಡಾಲರ್ ಬಡ್ಡಿ ಸುಮಾರು 121.5 ಡಾಲರ್ ಎಂದು ಲೆಕ್ಕಕ್ಕೆ ಬರುತ್ತಿತ್ತು. 2018ರಿಂದ ದರ ಶೇ 21ಕ್ಕೆ ಇಳಿದಾಗ ಅದೇ ಬಡ್ಡಿ 100 ಡಾಲರ್ ಆಯಿತು. ವ್ಯವಹಾರ ಬದಲಾಗದಿದ್ದರೂ ಹೊಂದಿಸಿದ ಅಂಕಿ ಕುಗ್ಗಿತು.

ಸಾಲನಷ್ಟಕ್ಕೆ ಹಣ ತೆಗೆದಿಡುವ ಮುಂಚಿನ ಲಾಭ ಇನ್ನೊಂದು ಬಗೆ. ಗುಡ್‌ವಿಲ್ (ಬೇರೆ ಸಂಸ್ಥೆಯನ್ನು ಕೊಳ್ಳುವಾಗ ಅದರ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ) ಮೊದಲಾದ ಅಮೂರ್ತ ಆಸ್ತಿಗಳನ್ನು ಕಳೆದು ಉಳಿಯುವ ಮೂರ್ತ ಷೇರು ಬಂಡವಾಳ ಮತ್ತು ಅದರ ಮೇಲಿನ ಪ್ರತಿಫಲದ ದರ ಮತ್ತೊಂದು ಬಗೆ.

ಆರಂಭ

ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ, ಮಾನದಂಡಕ್ಕೆ ಹೊರತಾದ ಅಂಕಿಗಳ ಬಗ್ಗೆ 1973ರಲ್ಲೇ ಎಚ್ಚರಿಸಿತ್ತು. ಅಲ್ಲಿ ವಿಲೀನಗಳು ಹೆಚ್ಚಿದ 1990ರ ದಶಕದಲ್ಲಿ, ಖರೀದಿಸಿದ ಬ್ಯಾಂಕಿನ ಗುಡ್‌ವಿಲ್ ಅನ್ನು ವರ್ಷವರ್ಷವೂ ಸವಕಳಿ ಬರೆಯಬೇಕಿತ್ತು. ಇದರಿಂದ ಲಾಭ ತಗ್ಗಿ ಕಾಣುತ್ತಿದ್ದುದರಿಂದ ಕೆಲವು ಬ್ಯಾಂಕುಗಳು ಆ ಸವಕಳಿಯನ್ನು ಬಿಟ್ಟು ‘ನಗದು ಗಳಿಕೆ’ಯನ್ನು ಪ್ರಕಟಿಸಿದವು. 2001ರಲ್ಲಿ ಬಂದ ಮಾನದಂಡ ಗುಡ್‌ವಿಲ್ ಸವಕಳಿಯನ್ನೇ ಕೈಬಿಟ್ಟಿತು.

ಕ್ಯಾಪಿಟಲ್ ಒನ್‌ನಂಥ ಕ್ರೆಡಿಟ್ ಕಾರ್ಡ್ ಬ್ಯಾಂಕುಗಳು ತಮ್ಮ ಸಾಲಗಳನ್ನು ಒಟ್ಟುಗೂಡಿಸಿ ಹೂಡಿಕೆದಾರರಿಗೆ ಮಾರಿದಾಗ ಆ ಸಾಲಗಳು ಆಸ್ತಿ-ಹೊಣೆ ಪಟ್ಟಿಯಿಂದ ಹೊರಬೀಳುತ್ತಿದ್ದವು. ಅವನ್ನೂ ಸೇರಿಸಿ ಕೊಡುವ ‘ನಿರ್ವಹಿತ ಆಧಾರ’ದ ಅಂಕಿಗಳು ಬಳಕೆಗೆ ಬಂದವು. 2010ರಲ್ಲಿ ಜಾರಿಯಾದ ನಿಯಮ ಇಂಥ ಬಹುಪಾಲು ಸಾಲಗಳನ್ನು ಪಟ್ಟಿಯೊಳಕ್ಕೇ ತಂದಿತು. ಇಲ್ಲಿಯೂ ಮಾನದಂಡ ಹೊಂದಿಸಿದ ಅಂಕಿಯ ಹಾದಿಗೆ ಬಂತು.

ನಿಯಮ ರಚನೆ

ತಂತ್ರಜ್ಞಾನ ಷೇರುಗಳ ಕುಸಿತದ ಹಿನ್ನೆಲೆಯಲ್ಲಿ ಎಸ್‌ಇಸಿ 2001ರ ಡಿಸೆಂಬರಿನಲ್ಲಿ ಮತ್ತೆ ಎಚ್ಚರಿಕೆ ನೀಡಿತು. 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯ ಆದೇಶದಂತೆ ರೂಪುಗೊಂಡ ‘ರೆಗ್ಯುಲೇಷನ್ ಜಿ’ 2003ರ ಮಾರ್ಚ್ 28ರಿಂದ ಜಾರಿಗೆ ಬಂತು. ಹೊಂದಿಸಿದ ಅಂಕಿಯ ಜೊತೆಗೆ ಅದಕ್ಕೆ ಅತಿ ಸಮೀಪದ ಅಧಿಕೃತ ಅಂಕಿಯನ್ನು ಕೊಡಬೇಕು, ಎರಡರ ನಡುವಿನ ವ್ಯತ್ಯಾಸವನ್ನು ಬಾಬುವಾರು ತೋರಿಸಬೇಕು ಎಂಬುದು ಅದರ ತಿರುಳು. ಬೇರೆ ಸರ್ಕಾರಿ ನಿಯಂತ್ರಕರು ಕಡ್ಡಾಯ ಮಾಡಿದ ಅಳತೆಗಳಿಗೆ ವಿನಾಯಿತಿ ಇದ್ದುದು ಬ್ಯಾಂಕುಗಳ ಮಟ್ಟಿಗೆ ಮಹತ್ವದ್ದಾಯಿತು.

2008ರ ಬಿಕ್ಕಟ್ಟು ಮತ್ತು ನಂತರ

ಬಿಕ್ಕಟ್ಟಿನ ಹೊತ್ತಿಗೆ ಹೂಡಿಕೆದಾರರು ಬ್ಯಾಂಕುಗಳ ಪುಸ್ತಕದಲ್ಲಿದ್ದ ಒಟ್ಟು ಬಂಡವಾಳವನ್ನು ನಂಬದೆ ಮೂರ್ತ ಷೇರು ಬಂಡವಾಳವನ್ನು ನೋಡತೊಡಗಿದರು. 2009ರಲ್ಲಿ ಅಮೆರಿಕದ ನಿಯಂತ್ರಕರು 19 ದೊಡ್ಡ ಬ್ಯಾಂಕುಗಳ ತಾಳಿಕೆಯನ್ನು ಪರೀಕ್ಷಿಸಿದಾಗ ಸಾಮಾನ್ಯ ಷೇರುದಾರರ ಬಂಡವಾಳವನ್ನಷ್ಟೇ ಎಣಿಸುವ ‘ಟಯರ್ 1 ಸಾಮಾನ್ಯ ಬಂಡವಾಳ’ ಎಂಬ, ಆಗಿನ್ನೂ ನಿಯಮದಲ್ಲಿಲ್ಲದ ಅಳತೆಯನ್ನು ಬಳಸಿದರು. ಬ್ಯಾಂಕುಗಳ ಬಂಡವಾಳ ಕುರಿತ 2010ರ ಡಿಸೆಂಬರಿನ ಅಂತಾರಾಷ್ಟ್ರೀಯ ಬಾಸೆಲ್-3 ಒಪ್ಪಂದ ಅದಕ್ಕೆ ಹತ್ತಿರದ ಅಳತೆಯೊಂದನ್ನು ಬಂಡವಾಳ ನಿಯಮದ ಕೇಂದ್ರದಲ್ಲಿಟ್ಟಿತು.

ಬ್ಯಾಂಕಿನ ಸ್ವಂತ ಸಾಲದ ಬೆಲೆಯ ಲೆಕ್ಕ ಇದೇ ಕಾಲದ ವಿಚಿತ್ರ. ಬ್ಯಾಂಕಿನ ಮೇಲಿನ ನಂಬಿಕೆ ಕುಸಿದರೆ ಅದು ಹೊರಡಿಸಿದ ಬಾಂಡಿನ ಬೆಲೆ ಇಳಿಯುತ್ತದೆ. ಮಾರುಕಟ್ಟೆ ಬೆಲೆಯಲ್ಲಿ ಲೆಕ್ಕವಿಟ್ಟ ಹೊಣೆಯೂ ತಗ್ಗುತ್ತದೆ. ಆ ಇಳಿಕೆ ಲಾಭವೆಂದು ದಾಖಲಾಗುತ್ತಿತ್ತು. 2011ರ ಮೂರನೇ ತ್ರೈಮಾಸಿಕದಲ್ಲಿ ಮಾರ್ಗನ್ ಸ್ಟ್ಯಾನ್ಲಿಗೆ ಹೀಗೆ 340 ಕೋಟಿ ಡಾಲರ್, ಜೆಪಿ ಮಾರ್ಗನ್ ಚೇಸ್‌ಗೆ 190 ಕೋಟಿ ಡಾಲರ್ ಬಂತು. ಇಲ್ಲಿ ಅಧಿಕೃತ ಅಂಕಿಗಿಂತ ಆ ಮೊತ್ತವನ್ನು ಕಳೆದ ಅಂಕಿಯೇ ವಾಸ್ತವಕ್ಕೆ ಹತ್ತಿರವಿತ್ತು. ನಂತರ ಅಂತಾರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 9 ಮತ್ತು ಅಮೆರಿಕದ 2016ರ ತಿದ್ದುಪಡಿ, ಸಂಸ್ಥೆಯೇ ಮಾರುಕಟ್ಟೆ ಬೆಲೆಯ ಲೆಕ್ಕ ಆಯ್ದುಕೊಂಡ ಹೊಣೆಗಳ ಇಂಥ ಏರಿಳಿತವನ್ನು ಲಾಭದಿಂದ ಹೊರಗಿಟ್ಟವು.

ಬ್ರಿಟನ್ನಿನಲ್ಲಿ ಕಂಡದ್ದು ಇದಕ್ಕೆ ಎದುರು ಮುಖ. ಸಾಲ ಮರುಪಾವತಿ ವಿಮೆಯನ್ನು ತಪ್ಪಾಗಿ ಮಾರಿದ್ದಕ್ಕೆ ಗ್ರಾಹಕರಿಗೆ ಕೊಡಬೇಕಾದ ಪರಿಹಾರವನ್ನು ಲಾಯ್ಡ್ಸ್ ಬ್ಯಾಂಕಿಂಗ್ ಗ್ರೂಪ್ ತನ್ನ ‘ಮೂಲ ಲಾಭ’ದಲ್ಲಿ ಸೇರಿಸಲಿಲ್ಲ. 2015ರಲ್ಲಿ ಅದರ ಮೂಲ ಲಾಭ 810 ಕೋಟಿ ಪೌಂಡ್. ಶಾಸನಬದ್ಧ ಲೆಕ್ಕದ ತೆರಿಗೆ ಪೂರ್ವ ಲಾಭ 160 ಕೋಟಿ ಪೌಂಡ್. ಅಂತರದಲ್ಲಿ 400 ಕೋಟಿ ಪೌಂಡ್ ಈ ಪರಿಹಾರದ್ದು. ಅಪರೂಪದ ವೆಚ್ಚವೆಂದು ಹೊರಗಿಟ್ಟದ್ದು ವರ್ಷವರ್ಷವೂ ಮರುಕಳಿಸಿತು. ಯುರೋಪಿನ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್ಮಾ ಇಂಥ ಅಳತೆಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿ 2016ರ ಜುಲೈ 3ರಿಂದ ಅನ್ವಯವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಎಸ್‌ಇಸಿ, ಮಾಮೂಲಿ ನಗದು ವೆಚ್ಚಗಳನ್ನು ಬಿಡುವುದು ದಾರಿ ತಪ್ಪಿಸಬಹುದು, ಅಧಿಕೃತ ಅಂಕಿಗೆ ಸಮಾನ ಅಥವಾ ಹೆಚ್ಚಿನ ಪ್ರಾಮುಖ್ಯ ಸಿಗಬೇಕು ಎಂದು ಬಿಗಿಮಾಡಿತು.

ಭಾರತದಲ್ಲಿ

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಮೂರನೇ ಅನುಸೂಚಿ ಬ್ಯಾಂಕುಗಳ ಲೆಕ್ಕಪತ್ರದ ನಮೂನೆಯನ್ನು ನಿಗದಿಪಡಿಸುತ್ತದೆ. 1991ರ ನರಸಿಂಹಂ ಸಮಿತಿಯ ಶಿಫಾರಸಿನ ನಂತರ ವಸೂಲಾಗದ ಸಾಲಗಳ ವರ್ಗೀಕರಣ ಮತ್ತು ಅವುಗಳ ನಷ್ಟಕ್ಕೆ ಮೀಸಲು ಹಣ ತೆಗೆದಿಡುವ ನಿಯಮ ಬಂತು. ‘ಮೀಸಲಿಗೆ ಮುಂಚಿನ ಕಾರ್ಯಾಚರಣೆ ಲಾಭ’ ಇಲ್ಲಿ ತ್ರೈಮಾಸಿಕ ಫಲಿತಾಂಶದ ನಿಗದಿತ ನಮೂನೆಯಲ್ಲೇ ಇದೆ. ಅದರಿಂದ ಟ್ರೆಷರಿ ಗಳಿಕೆಯನ್ನು, ಅಂದರೆ ಹೂಡಿಕೆಪತ್ರಗಳ ವಹಿವಾಟಿನಂಥವುಗಳಿಂದ ಬಂದ ಲಾಭವನ್ನು, ತೆಗೆದು ಐಸಿಐಸಿಐ ಬ್ಯಾಂಕ್ ‘ಕೋರ್’ ಕಾರ್ಯಾಚರಣೆ ಲಾಭವನ್ನು ಪ್ರಕಟಿಸುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್ ಸೇರಿದಂತೆ ಹಲವು ಬ್ಯಾಂಕುಗಳು, ಪುಸ್ತಕದಿಂದ ತಾಂತ್ರಿಕವಾಗಿ ತೆಗೆದುಹಾಕಿದ ಸಾಲಗಳನ್ನೂ ಸೇರಿಸಿ ಮೀಸಲು ರಕ್ಷಣೆಯ ಅನುಪಾತ (ವಸೂಲಾಗದ ಸಾಲದಲ್ಲಿ ಎಷ್ಟು ಪಾಲಿಗೆ ಹಣ ತೆಗೆದಿಡಲಾಗಿದೆ ಎಂಬ ಲೆಕ್ಕ) ಕೊಡುತ್ತವೆ. ಹೀಗೆ ಸೇರಿಸಿದಾಗ ಅನುಪಾತ ಮೇಲೇರುವುದರಿಂದ, ಎರಡು ಬ್ಯಾಂಕುಗಳನ್ನು ಹೋಲಿಸುವಾಗ ಯಾವ ಲೆಕ್ಕ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಐಎಫ್‌ಆರ್‌ಎಸ್ 18

2024ರ ಏಪ್ರಿಲಿನಲ್ಲಿ ಹೊರಬಂದು, 2027ರ ಜನವರಿ 1ರಿಂದ ಜಾರಿಯಾಗುವಂತೆ ನಿಗದಿಯಾದ ಈ ಮಾನದಂಡ, ಆಡಳಿತವರ್ಗ ತಾನೇ ರೂಪಿಸಿ ಸಾರ್ವಜನಿಕವಾಗಿ ಬಳಸುವ ಲಾಭದ ಅಳತೆಗಳನ್ನು ಹಣಕಾಸು ವರದಿಯ ಟಿಪ್ಪಣಿಯಲ್ಲಿ ವಿವರಿಸಲು ಹೇಳುತ್ತದೆ. ಇದರಿಂದ ಅವು ಲೆಕ್ಕಪರಿಶೋಧನೆಯ ವ್ಯಾಪ್ತಿಗೂ ಬರುತ್ತವೆ. ಆದರೆ ಆದಾಯ-ವೆಚ್ಚದ ಉಪಮೊತ್ತಗಳಿಗೆ ಮಾತ್ರ ಇದು ಅನ್ವಯ. ಮೂರ್ತ ಷೇರು ಬಂಡವಾಳದಂಥ, ಆಸ್ತಿ-ಹೊಣೆ ಪಟ್ಟಿಯಿಂದ ಹುಟ್ಟುವ ಅಳತೆಗಳು ಹೊರಗುಳಿಯುತ್ತವೆ. ಅಂತಾರಾಷ್ಟ್ರೀಯ ಮಾನದಂಡಗಳಿಗೆ ಸರಿಹೊಂದುವ ಇಂಡ್ ಎಎಸ್ ಅನ್ನು ವಾಣಿಜ್ಯ ಬ್ಯಾಂಕುಗಳಿಗೆ ಜಾರಿಗೊಳಿಸುವುದನ್ನು ರಿಸರ್ವ್ ಬ್ಯಾಂಕ್ 2019ರ ಮಾರ್ಚಿನಲ್ಲಿ ಅನಿರ್ದಿಷ್ಟ ಕಾಲ ಮುಂದೂಡಿದ್ದರಿಂದ, ಈ ಬದಲಾವಣೆ ಭಾರತದ ಬ್ಯಾಂಕುಗಳನ್ನು ನೇರವಾಗಿ ತಟ್ಟುವುದಿಲ್ಲ.