ಮಂಡಿಯ ರಾಗಿ, ಅದರ ತವರು

ಬೆಂಗಳೂರಿನ ತರಗುಪೇಟೆಯ ನಮ್ಮ ಮಂಡಿಯಲ್ಲಿ ಅಣ್ಣ ಚೀಲದ ಹೊಟ್ಟೆಗೆ ಚೂಪು ಕೊಳವೆ ಚುಚ್ಚಿ, ಜಾರಿ ಬಂದ ರಾಗಿಯನ್ನು ಅಂಗೈಯಲ್ಲಿ ಉಜ್ಜಿ, ನಾಲ್ಕು ಕಾಳು ಹಲ್ಲಲ್ಲಿ ಕಡಿದು ದರ ಹೇಳುತ್ತಿದ್ದರು. (ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುವುದು.) ಇದು ಮಾಗಡಿ ಕಡೆಯದು, ಇದು ಕೋಲಾರದ್ದು ಎಂದು ನೋಡಿದೊಡನೆ ಗುರುತು ಹಿಡಿಯುತ್ತಿದ್ದರು. ಅದಕ್ಕೂ ಹಿಂದೆ ರಾಗಿ ಎಲ್ಲಿಯದು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಆ ಪ್ರಶ್ನೆ ಎದ್ದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಪಶ್ಚಿಮ ಉಗಾಂಡದ ಹಳ್ಳಿ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡಲು ಹೋಗಿದ್ದೆ.

ಮೊದಲ ರಾತ್ರಿ ನಾನು ಉಳಿದುಕೊಂಡ ಮನೆಯ ಅಜ್ಜಿ ಮುಚ್ಚಳದ ಬುಟ್ಟಿಯೊಂದನ್ನು ತಂದಿಟ್ಟರು. ಒಳಗೆ ಕಂದು ಬಣ್ಣದ, ಹಬೆಯಾಡುವ ಹಿಟ್ಟು. ಅವರು ಅದನ್ನು ಕಾಲೊ ಎನ್ನುತ್ತಾರೆ. ಕುದಿವ ನೀರಿಗೆ ರಾಗಿಹಿಟ್ಟು ಸುರಿದು, ಕೆಲವೊಮ್ಮೆ ಮರಗೆಣಸಿನ ಹಿಟ್ಟನ್ನೂ ಬೆರೆಸಿ, ಮರದ ಕೋಲಿನಲ್ಲಿ ತೊಳಸುತ್ತಾರೆ. ನೆಂಚಿಕೊಳ್ಳಲು ತುಪ್ಪವನ್ನು ಕಡೆದು ಮಾಡಿದ ಬೆಳ್ಳನೆಯ ಎಶಬ್ವೆ. ನಾನು ಮುರಿದೆ, ಉಂಡೆ ಮಾಡಿದೆ, ಅದ್ದಿ ನುಂಗಿದೆ. ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದರು. ಇದನ್ನು ಯಾರು ಕಲಿಸಿದರು ಎಂದು ಮೊಮ್ಮಗಳ ಬಾಯಲ್ಲಿ ಕೇಳಿಸಿದರು. ನಮ್ಮಜ್ಜಿ, ಎಂದೆ.

ರಾಗಿಯ ತವರು ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ರೈತರು ಕಾಡುಹುಲ್ಲೊಂದನ್ನು ಪಳಗಿಸಿ ಬೆಳೆ ಮಾಡಿದರು. ಇಥಿಯೋಪಿಯದಲ್ಲಿ ಅದರ ಹೆಸರು ದಗುಸ್ಸ, ಕೀನ್ಯದಲ್ಲಿ ವಿಂಬಿ. ಅದು ಕಡಲು ದಾಟಿ ಯಾವ ಕಾಲದಲ್ಲಿ ನಮ್ಮಲ್ಲಿಗೆ ಬಂತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ; ತುಂಗಭದ್ರೆಯ ದಂಡೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕಿತೆನ್ನಲಾದ ಕಾಳಿನ ಮೇಲೂ ವಾದವಿದೆ. ರಾಗಿ ಒಂದೇ ಅಲ್ಲ. ಜೋಳ, ಸಜ್ಜೆ, ಅಲಸಂದೆ, ಕೊನೆಗೆ ಸಾರಿನ ಹುಣಸೆಯೂ ಆಫ್ರಿಕಾ ಮೂಲದವು. ಊರಿಗೆ ಬಂದು ಹೇಳಿದರೆ ಅಣ್ಣ ಹುಣಸೆಯ ಮಾತನ್ನು ನಂಬಲೇ ಇಲ್ಲ. ಅವರ ಪಾಲಿಗೆ ಅದು ತುಮಕೂರಿನದು.

ನಮ್ಮ ಒಣಸೀಮೆ ಉಳಿದದ್ದು ಈ ಕಾಳಿನಿಂದ. ಅಕ್ಕಿಗೆ ಬೇಗ ಹುಳ ಬೀಳುತ್ತದೆ; ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. 1876–78ರ ಭೀಕರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅಂಥ ಕಾಲದಲ್ಲಿ ಹಗೇವಿನಲ್ಲಿ ರಾಗಿ ಇದ್ದವನಿಗೂ ಇಲ್ಲದವನಿಗೂ ಇದ್ದ ಅಂತರ ಬದುಕು ಸಾವಿನದು.

ಚಿಕ್ಕವಳಿದ್ದಾಗ ಅಣ್ಣನ ಚೀಟಿಗಳಲ್ಲಿ ‘ಇಂಡಾಫ್’ ಎಂದು ಓದಿ, ಅದು ಯಾವುದೋ ಕಂಪನಿ ಎಂದುಕೊಂಡಿದ್ದೆ. ಅದು ಇಂಡಿಯಾ, ಆಫ್ರಿಕಾ ಎರಡೂ ಸೇರಿದ ರಾಗಿ ತಳಿಯ ಹೆಸರು. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿದರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಒಂದರ ಪರಾಗವನ್ನು ಇನ್ನೊಂದಕ್ಕೆ ಸೇರಿಸುವುದೇ ಸಾಹಸ. ವರ್ಷಗಳ ಆ ತಾಳ್ಮೆಯಿಂದ ದಪ್ಪ ತೆನೆಯ, ಹೆಚ್ಚು ಇಳುವರಿಯ ತಳಿಗಳು ಬಂದವು. 1970ರ ದಶಕದಿಂದ ಇಂಡಾಫ್ ನಮ್ಮ ಹೊಲಗಳಿಗೆ ಇಳಿಯಿತು. ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದರು. ಈ ನಗರದ ಯಾವ ದೊಡ್ಡ ವೃತ್ತಕ್ಕಾದರೂ ಇಡಬೇಕಾದ ಹೆಸರು ಅದು.

ಈಗ ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮಕ್ಕಳು ಕೆಲಸಕ್ಕೆ ಬಿಡುವು ಕೊಟ್ಟು ಆಫ್ರಿಕಾಕ್ಕೆ ಸೇವೆಗೆಂದು ಹೊರಡುತ್ತಾರೆ. ಹೋಗಿ, ಕಲಿಸಿ. ಆದರೆ ಕೈ ಎತ್ತಿ ಕೊಡುವವರಂತೆ ಹೋಗಬೇಡಿ. ನಾನು ಹಾಗೆಯೇ ಹೋಗಿದ್ದೆ, ಅದು ತಪ್ಪು. ಹೊರಡುವ ಮುಂಚೆ ಒಂದು ಬೆಳಿಗ್ಗೆ ತರಗುಪೇಟೆಗೆ ಬನ್ನಿ. ಎಷ್ಟೋ ಮಂಡಿಗಳು ಯಶವಂತಪುರದ ಯಾರ್ಡಿಗೆ ಹೋದವು, ಇನ್ನೂ ಕೆಲವು ಉಳಿದಿವೆ. ಒಂದು ಹಿಡಿ ರಾಗಿ ಕೇಳಿ, ಅಂಗೈಯಲ್ಲಿ ಉಜ್ಜಿ ನೋಡಿ. ಅಲ್ಲಿ ಹೋದ ಮೇಲೆ ಮೊದಲು ಅವರ ಬುಟ್ಟಿಯ ಮುಂದೆ ಊಟಕ್ಕೆ ಕುಳಿತುಕೊಳ್ಳಿ.