ವೃತ್ತಪತ್ರಿಕೆ: ಸಂಶೋಧನೆಯ ಆಕರವಾಗಿ

ವಿಶ್ವವಿದ್ಯಾನಿಲಯದ ಪ್ರಬಂಧಗಳಲ್ಲಿ ವೃತ್ತಪತ್ರಿಕೆಯನ್ನು ಪ್ರಮಾಣವೆಂದು ಅಂಗೀಕರಿಸಬಹುದೆ ಎಂಬ ಪ್ರಶ್ನೆಗೆ ಉತ್ತರವು ಪತ್ರಿಕೆಯ ಪ್ರತಿಷ್ಠೆಗಿಂತಲೂ ಹೆಚ್ಚಾಗಿ, ಬರೆಯುವವನು ಅದರಿಂದ ಏನನ್ನು ಸಾಧಿಸಲೆಳಸುವನೆಂಬುದನ್ನು ಅವಲಂಬಿಸಿದೆ. ಘಟನೆಯೊಂದು ತತ್ಕಾಲದ ಜನರಿಗೆ ಹೇಗೆ ತಿಳಿಯಿತು, ಯಾವ ಮಾತುಗಳಲ್ಲಿ ಚರ್ಚೆಗೆ ಬಂದಿತು, ಪೇಟೆಯ ಧಾರಣೆ ಎಷ್ಟಿದ್ದಿತು ಎಂಬಿವೇ ಮೊದಲಾದ ವಿಷಯಗಳಿಗೆ ಪತ್ರಿಕೆಯು ಪ್ರಥಮ ಶ್ರೇಣಿಯ ಆಕರ. ರೋಗವೊಂದರ ಕಾರಣವನ್ನೋ ಶಿಲಾಶಾಸನವೊಂದರ ಕಾಲವನ್ನೋ ನಿರ್ಣಯಿಸುವಲ್ಲಿ, ತಜ್ಞರು ಪರಿಶೀಲಿಸಿದ ಗ್ರಂಥಗಳಿರುವಾಗ ಅದನ್ನು ಮುಂದೊಡ್ಡುವುದು ಸಲ್ಲದು.

ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಿಟ್ಟು ಅಂದಿನ ಕರಾವಳಿಯ ಸಮಾಜವನ್ನು ವರ್ಣಿಸುವುದು ದುಷ್ಕರ, ಅದರ ಸಂಪಾದಕನು ಪಾದ್ರಿಯಾಗಿದ್ದನೆಂಬುದನ್ನು ಮರೆತು ಓದುವುದೂ ಅಷ್ಟೇ ಅಪಾಯಕರ.

1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜವನ್ನೇರಿಸಲು ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದಾಗ, ಮಡಿದವರು 10 ಮಂದಿ ಎಂದು ಸರ್ಕಾರ ಹೇಳಿತು. ಆ ಸಂಖ್ಯೆ 30ನ್ನು ಮೀರಿತ್ತೆಂಬುದು ಚಳವಳಿಯ ಪಕ್ಷದವರ ಲೆಕ್ಕ. ಇಂಥಲ್ಲಿ ತನಗೆ ಪ್ರಿಯವಾದ ಅಂಕಿಯನ್ನು ಆಯ್ದು ಅಡಿಟಿಪ್ಪಣಿ ಹಾಕುವವನು ಸಂಶೋಧಕನಲ್ಲ. ಬಾತ್ಮೀದಾರನು ಸ್ಥಳದಲ್ಲಿದ್ದನೋ, ಗಾಯಾಳುಗಳನ್ನು ಕಂಡು ಬರೆದನೋ, ಅಥವಾ ಸರ್ಕಾರಿ ಪ್ರಕಟಣೆಯನ್ನೇ ಭಾಷಾಂತರಿಸಿದನೋ ಎಂಬುದನ್ನು ವಿಚಾರಿಸಿ, ಎರಡು ಲೆಕ್ಕಗಳನ್ನೂ ಓದುಗರ ಮುಂದಿಡುವುದೇ ಅವನ ಧರ್ಮ.

ನಾಲ್ಕು ಪತ್ರಿಕೆಗಳು ಒಂದೇ ಮಾತನ್ನು ಹೇಳಿದ ಮಾತ್ರಕ್ಕೆ ನಾಲ್ಕು ಸಾಕ್ಷ್ಯಗಳಾಗವು. ಅವುಗಳಿಗೆಲ್ಲ ಒಂದೇ ಸುದ್ದಿಸಂಸ್ಥೆಯ ತಂತಿ ಬಂದಿದ್ದರೆ ಸಾಕ್ಷಿ ಒಬ್ಬನೇ. ಅಂತೆಯೇ ಆವೃತ್ತಿಯ ಭೇದವನ್ನೂ ಗಮನಿಸತಕ್ಕದ್ದು: 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ, ಅಚ್ಚುಮೊಳೆ ಜೋಡಿಸುವವರ ಮುಷ್ಕರದ ಕಾರಣ ಎಂದಿಗಿಂತ ಬೇಗ ಅಚ್ಚಿಗೆ ಹೋದ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯು ಮೊದಲ ಆವೃತ್ತಿಯಲ್ಲಿ ಡ್ಯೂಯಿ ಗೆದ್ದನೆಂದು ಸಾರಿತು, ಗೆದ್ದವನು ಟ್ರೂಮನ್. ಆದುದರಿಂದ ದಿನಾಂಕ, ಪುಟಗಳೊಡನೆ ನಗರದ ಆವೃತ್ತಿಯೋ ಹೊರ ಊರಿನದೋ ಎಂಬುದನ್ನೂ ನಮೂದಿಸುವುದು ಯುಕ್ತ. ಸಂಪಾದಕೀಯವು ಅಭಿಪ್ರಾಯಕ್ಕೆ ಪ್ರಮಾಣವೇ ಹೊರತು ಸಂಗತಿಗಲ್ಲ.

ಬ್ರಿಟಿಷ್ ಸರ್ಕಾರವು ಮದರಾಸು, ಮುಂಬಯಿ ಪ್ರಾಂತಗಳಲ್ಲಿ ದೇಶಭಾಷಾ ಪತ್ರಿಕೆಗಳ ಸಾರವನ್ನು ಇಂಗ್ಲಿಷಿಗೆ ತರಿಸಿ ಗುಪ್ತವಾಗಿ ಸಿದ್ಧಪಡಿಸುತ್ತಿದ್ದ ವರದಿಗಳು, ಮೂಲಪ್ರತಿಗಳು ನಷ್ಟವಾಗಿರುವೆಡೆ, ಇಂದು ಅಮೂಲ್ಯ ನಿಧಿಯಾಗಿವೆ. ಆದರೆ ರಾಜದ್ರೋಹದ ವಾಸನೆಗಾಗಿಯೇ ಪತ್ರಿಕೆಯನ್ನು ಜಾಲಾಡಿದ ಅಧಿಕಾರಿಯ ಆಯ್ಕೆ ಅವು. ಅವುಗಳಿಂದ ಉದ್ಧರಿಸುವವನು ಮೂಲಪತ್ರಿಕೆಯನ್ನೇ ಕಂಡಂತೆ ಬರೆಯದೆ, ವರದಿಯ ಹೆಸರನ್ನು ಸ್ಪಷ್ಟವಾಗಿ ಕಾಣಿಸತಕ್ಕದ್ದು.