ಹೂವಿನ ಹಿಂದೆ ಬೇರಿನ ಕಥೆ

ಮೈತುಂಬ ಹೂ ಬಿಟ್ಟ ಕಿತ್ತಳೆ ಮರವನ್ನು ಕಂಡರೆ ಅದು ಆರೋಗ್ಯವಾಗಿದೆ ಎಂದೇ ನಾವೆಲ್ಲ ತಿಳಿಯುತ್ತೇವೆ. ಯಾವಾಗಲೂ ಹಾಗಲ್ಲ ಎಂಬುದಕ್ಕೆ ಸ್ಪೇನ್ ದೇಶದ ಇತಿಹಾಸವೇ ಸಾಕ್ಷಿ.

ಸ್ಪೇನಿಗೆ ಹುಳಿ ಕಿತ್ತಳೆಯನ್ನು ತಂದವರು ಅರಬರು. ಸಂಸ್ಕೃತದ 'ನಾರಂಗ'ವೇ ಪರ್ಷಿಯನ್ ಭಾಷೆಯ ಮೂಲಕ ಸಾಗಿ ಅರಬಿಯಲ್ಲಿ 'ನಾರಂಜ್' ಆಯಿತು. 12ನೆಯ ಶತಮಾನದ ಕೊನೆಯಲ್ಲಿ ಸೆವಿಲ್ಲೆ ನಗರದ ಇಬ್ನುಲ್ ಅವ್ವಾಮ್ ಬರೆದ 'ಕಿತಾಬುಲ್ ಫಿಲಾಹ' ಎಂಬ ಕೃಷಿ ಗ್ರಂಥವು ಯಾವ ಮರಕ್ಕೆ ಯಾವುದರ ಕಸಿ ಕೂಡುತ್ತದೆ ಎಂಬುದನ್ನು ವಿವರವಾಗಿ ಚರ್ಚಿಸುತ್ತದೆ. ಸಿಹಿ ಕಿತ್ತಳೆ ಅಲ್ಲಿಗೆ ಬಂದದ್ದು ಆಮೇಲೆ.

ಕಸಿ ಏಕೆ ಬೇಕು? ಬೀಜದಿಂದ ಬೆಳೆದ ಸಿಹಿ ಕಿತ್ತಳೆ ಹೂ ಬಿಡಲು ಆರೇಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಫಲ ಕೊಡುವ ಮರದ ಕಣ್ಣನ್ನು ಬೇರೊಂದು ಸಸಿಗೆ ಕೂಡಿಸಿದರೆ ಮೂರು ನಾಲ್ಕು ವರ್ಷ ಸಾಕು. ಹಣ್ಣಿನ ಜಾತಿಯನ್ನು ಕಣ್ಣು ನಿರ್ಧರಿಸುತ್ತದೆ. ಆದರೆ ಮರದ ಗಾತ್ರ, ಹೂವಿನ ಪ್ರಮಾಣ, ಬಾಳಿಕೆ ಇವುಗಳಲ್ಲಿ ಕೆಳಗಿನ ಬೇರುಸಸಿಯ ಪಾಲು ದೊಡ್ಡದು.

19ನೆಯ ಶತಮಾನದಲ್ಲಿ ಬುಡ ಕೊಳೆಯುವ ರೋಗ ಹರಡಿದಾಗ, ಅದನ್ನು ತಡೆದುಕೊಳ್ಳುವ ಹುಳಿ ಕಿತ್ತಳೆಯೇ ಹಲವೆಡೆ ಬೇರುಸಸಿಯಾಯಿತು. ಒಂದೇ ಬೇರನ್ನು ನಂಬಿದ್ದು ಮುಂದೆ ಮುಳುವಾಯಿತು. 1930ರ ದಶಕದಿಂದ ಅರ್ಜೆಂಟೀನಾ, ಬ್ರೆಜಿಲ್ ದೇಶಗಳಲ್ಲಿ ಲಕ್ಷಗಟ್ಟಲೆ ಮರಗಳು ಸತ್ತವು. ಆ ರೋಗಕ್ಕೆ ಬಂದ ಹೆಸರು 'ಟ್ರಿಸ್ಟೆಜಾ', ಅಂದರೆ ದುಃಖ. ಸಸ್ಯಹೇನುಗಳು ಹರಡುವ ಈ ವೈರಸ್ ಹುಳಿ ಕಿತ್ತಳೆ ಬೇರಿನ ಮರಗಳಲ್ಲಿ ಕಸಿಯ ಗಂಟಿನ ಬಳಿ ಆಹಾರನಾಳಗಳನ್ನು ಕೆಡಿಸುತ್ತದೆ. ಎಲೆಗಳು ತಯಾರಿಸಿದ ಸಕ್ಕರೆ ಕೆಳಗಿಳಿಯದೆ ಮೇಲೆಯೇ ಉಳಿಯುತ್ತದೆ. ಬೇರು ಹಸಿವಿನಿಂದ ಸಾಯುತ್ತಿದ್ದರೂ ಮರ ಕೆಲವೊಮ್ಮೆ ಅಕಾಲದಲ್ಲಿ ಹೂ ತುಂಬಿ ನಿಲ್ಲುತ್ತದೆ!

1957ರಲ್ಲಿ ವೇಲೆನ್ಸಿಯಾ ಪ್ರಾಂತದಲ್ಲಿ ಈ ರೋಗ ಪತ್ತೆಯಾಯಿತು. ಮುಂದಿನ ದಶಕಗಳಲ್ಲಿ ಸ್ಪೇನ್ ನಾಲ್ಕು ಕೋಟಿಗೂ ಹೆಚ್ಚು ಮರಗಳನ್ನು ಕಳೆದುಕೊಂಡಿತು. 1975ರಲ್ಲಿ ಅಲ್ಲಿ ರೋಗಮುಕ್ತ ಕಣ್ಣುಗಳನ್ನು ಒದಗಿಸುವ ಯೋಜನೆ ಶುರುವಾಯಿತು. ರೋಗ ಸಹಿಸುವ ಬೇರುಸಸಿಗಳ ಮೇಲೆ ತೋಟಗಳು ಮತ್ತೆ ಎದ್ದವು. ಭಾರತದಲ್ಲಿ ಬಳಸುವ ಜಂಬೇರಿ, ರಂಗಪುರ ನಿಂಬೆಯ ಬೇರುಗಳೂ ಈ ರೋಗವನ್ನು ಸಹಿಸಬಲ್ಲವು.

ಆದ್ದರಿಂದ ನೀವು ಕಸಿ ಗಿಡ ಕೊಳ್ಳುವಾಗ ಮೇಲಿನ ಹಣ್ಣು ಯಾವುದು ಎಂದಷ್ಟೇ ಕೇಳಬೇಡಿ. ಕೆಳಗಿನ ಬೇರು ಯಾವುದು, ನಮ್ಮ ಮಣ್ಣಿಗೆ ಅದು ಒಗ್ಗುತ್ತದೆಯೇ ಎಂದೂ ಕೇಳಿ. ಹೂವನ್ನು ಎಲ್ಲರೂ ನೋಡುತ್ತಾರೆ. ಬೇರನ್ನು ವಿಚಾರಿಸುವವರು ಕಡಿಮೆ.